ಕೆಳಗಿನ ಮನೆಗೆ ಹೇಳದ ಪ್ರವಾಸ

"ಮೆಲ್ಲಗೆ! ಮೆಲ್ಲಗೆ ಎಳಿ!" ಅಮ್ಮ ಪಿಸುದನಿಯಲ್ಲೇ ಗದರಿದಳು.

ಅದಿತಿ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆಯುತ್ತಿದ್ದಳು. ಅದರ ಚಕ್ರ ಗರಗರ ಎನ್ನುತ್ತಿತ್ತು. ಆ ಸದ್ದು ಕೆಳಗಿನ ಮನೆಗೆ ಕೇಳಿಸಬಾರದು ಎಂಬುದೇ ಅಮ್ಮನ ಚಿಂತೆ.

ಕೆಳಗಿನ ಮನೆಯಲ್ಲಿ ಮಹಂತೇಶ್ ಅಂಕಲ್ ಇದ್ದರು. ಅಪ್ಪನೂ ಅವರೂ ಒಂದೇ ಆಫೀಸಿನಲ್ಲಿ ಗುಮಾಸ್ತರು. ಕಳೆದ ವರ್ಷ ಅಪ್ಪ ಸ್ಕೂಟರಿನಿಂದ ಬಿದ್ದು ಮಂಡಿ ಮುರಿದುಕೊಂಡಾಗ ಆಸ್ಪತ್ರೆಗೆ ಕಟ್ಟಲು ದುಡ್ಡು ಸಾಲದೆ ಹೋಗಿತ್ತು. ಕೇಳುವ ಮೊದಲೇ ತಂದುಕೊಟ್ಟವರು ಮಹಂತೇಶ್ ಅಂಕಲ್. ಸಂಬಳ ಬಂದಾಗಲೆಲ್ಲ ಅಪ್ಪ ಕೆಳಗೆ ಹೋಗಿ ಸ್ವಲ್ಪ ಸ್ವಲ್ಪ ತೀರಿಸುತ್ತಿದ್ದ. ಇನ್ನೂ ಅರ್ಧ ಉಳಿದಿತ್ತು.

ಈ ಚಳಿಗಾಲದ ರಜೆಗೆ ಪುರಿಗೆ ಹೋಗೋಣ ಎಂದು ಮಾತು ತೆಗೆದವನು ಅಪ್ಪನೇ. ರೈಲಿನ ಖರ್ಚು ಆಫೀಸಿನದು. ಈ ವರ್ಷ ಹೋಗದಿದ್ದರೆ ಅದು ಕೈತಪ್ಪಿ ಹೋಗುತ್ತಿತ್ತು.

"ಟಿಕೆಟ್ ಆಫೀಸ್ ಕೊಡುತ್ತೆ, ಸರಿ. ರೂಮು? ಊಟ?" ಎಂದು ಅಮ್ಮ ಕೇಳಿದ್ದಳು.

"ಈ ತಿಂಗಳು ಮಹಂತೇಶ್‌ಗೆ ಕೊಡೋದನ್ನ ಮುಂದಕ್ಕೆ ಹಾಕೋಣ. ಮನೆ, ಆಸ್ಪತ್ರೆ ಬಿಟ್ರೆ ನೀನು ಎಲ್ಲಿಗೆ ಹೋಗಿದ್ದೀಯ ಹೇಳು? ಅದಿತಿ ಸಮುದ್ರಾನೇ ನೋಡಿಲ್ಲ."

ಅಮ್ಮ ಮೆಟ್ಟಿಲ ಕಡೆ ನೋಡಿದಳು. ಆಮೇಲೆ, "ಪೆಟ್ಟಿಗೆ ಹಿಡ್ಕೊಂಡು ಅವರ ಬಾಗಿಲ ಮುಂದೇನೇ ಹೋಗ್ಬೇಕಲ್ರೀ" ಎಂದಳು.

ಕೊನೆಗೆ ಅದಿತಿಗೆ ಒಂದು ಮಾತು ಹೇಳಿಕೊಟ್ಟರು. ಯಾರಾದರೂ ಕೇಳಿದರೆ ಗುರುಗ್ರಾಮಕ್ಕೆ, ಪವನ್ ಮಾಮನ ಮನೆಗೆ ಎನ್ನಬೇಕು. ರತ್ನಾಗೂ ಅಷ್ಟೇ. ರತ್ನಾ ಮಹಂತೇಶ್ ಅಂಕಲ್ ಮಗಳು, ಅದಿತಿಯ ಕ್ಲಾಸು, ಅದಿತಿಯ ಬೆಂಚು.

ಮರುದಿನ ಸ್ಕೂಲಿನಿಂದ ಇಬ್ಬರೂ ನಡೆದು ಬರುತ್ತಿದ್ದರು. ಬೇವಿನ ಮರದ ಕೆಳಗೆ ಗಾಡಿಯ ಭಯ್ಯಾ ಕೆಂಡದ ಮೇಲೆ ಗೆಣಸು ಸುಡುತ್ತಿದ್ದ. ಅದರ ಪರಿಮಳ ಬೀದಿಯುದ್ದಕ್ಕೂ ಹಬ್ಬಿತ್ತು.

"ಛುಟ್ಟಿಯಲ್ಲಿ ನಾವು ಎಲ್ಲೂ ಹೋಗ್ತಿಲ್ಲ, ಯಾರ್" ಎಂದಳು ರತ್ನಾ, ರಜೆಯ ಮಾತಿಗೂ ಎಂದಿನಂತೆ ಹಿಂದಿ ಬೆರೆಸಿ.

"ನಿಮ್ಮೂರು ವಿಜಯಪುರಕ್ಕೂ ಇಲ್ವಾ?"

"ಚಿಕ್ಕಮ್ಮನ ಮದುವೆಗೇ ಹೋಗ್ಲಿಲ್ಲ! ಮಮ್ಮಿ ಒಬ್ರೇ ಹೋದ್ರು. ನಾನು ವಿಡಿಯೊ ಕಾಲಲ್ಲಿ ನೋಡ್ದೆ. ಅಕ್ಕಿಕಾಳು ಹಾಕೋ ಟೈಮಿಗೇ ನೆಟ್‌ವರ್ಕ್ ಗಾಯಬ್!" ರತ್ನಾ ನಕ್ಕಳು. ನಗು ಬೇಗ ನಿಂತುಹೋಯಿತು. "ಪಪ್ಪಾದು ಪೈಸಾ ಎಲ್ಲೋ ಸಿಕ್ಕಾಕೊಂಡಿದೆಯಂತೆ. ಎಲ್ಲಿ ಅಂದ್ರೆ ಹೇಳಲ್ಲ."

ಎಲ್ಲಿ ಎಂದು ಅದಿತಿಗೆ ಗೊತ್ತಿತ್ತು. ಅಪ್ಪನ ಮಂಡಿಯೊಳಗೆ ಕೂರಿಸಿದ ಸ್ಟೀಲ್ ಪ್ಲೇಟಿನಲ್ಲಿ.

"ನೀವು ಎಲ್ಲಿಗೆ?"

ಅದಿತಿ ಗೆಣಸಿನ ಕೆಂಡದ ಕಡೆ ನೋಡಿದಳು. "ಗುರುಗ್ರಾಮ. ಪವನ್ ಮಾಮನ ಮನೆಗೆ."

"ಸಚ್ಚೀ? ಆ ಲಿಫ್ಟ್ ಇರೋ ಮನೆಗಾ? ಮೆಟ್ರೋದಲ್ಲೇ ಹೋಗ್ಬಹುದಲ್ವಾ!" ರತ್ನಾ ಅವಳ ಕೈ ಹಿಡಿದು ಎಳೆದಳು. "ನಾನೂ ಬರ್ಲಾ? ಪ್ಲೀಸ್, ಪ್ಲೀಸ್! ಎರಡೇ ದಿನ! ಇರು, ಮಮ್ಮಿನ ಕೇಳ್ತೀನಿ."

ಅದಿತಿ ಬಾಯಿ ತೆರೆಯುವಷ್ಟರಲ್ಲಿ ರತ್ನಾಳ ಬ್ಯಾಗು ಬೆನ್ನ ಮೇಲೆ ಕುಣಿಯುತ್ತಾ ತಿರುವಿನಲ್ಲಿ ಮರೆಯಾಯಿತು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ರತ್ನಾಳ ತಾಯಿ ದೇವಕಿ ಆಂಟಿ ಮಗಳ ಜೊತೆ ನಿಂತಿದ್ದರು.

"ಸ್ಕೂಲಿಂದ ಬಂದಾಗಿಂದ ಕುಣೀತಿದ್ದಾಳೆ ನೋಡ್ರಿ. ಪವನ್ ಅವರಿಗೆ ತೊಂದ್ರೆ ಆಗಲ್ಲ ಅಂದ್ರೆ ಇವಳನ್ನೂ ಎರಡು ದಿನ ಕರ್ಕೊಂಡು ಹೋಗ್ತೀರೇನ್ರಿ? ಪಾಪ, ಈ ವರ್ಷ ಎಲ್ಲೂ ಹೋಗಿಲ್ಲ."

ಅಮ್ಮ ಅಪ್ಪನ ಮುಖ ನೋಡಿದಳು. ಅದಿತಿ ನೆಲ ನೋಡಿದಳು. ಒಳಗೆ ಕುಕ್ಕರ್ ಕೂಗಿ ಸುಮ್ಮನಾಯಿತು.

ಅಪ್ಪ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದ. "ದೇವಕಿ ಅವರೇ, ನಾವು ಗುರುಗ್ರಾಮಕ್ಕೆ ಹೋಗ್ತಿಲ್ಲ. ಪುರಿಗೆ ಹೋಗೋಣ ಅಂತಿದ್ವಿ. ನಿಮಗೆ ಹೇಗೆ ಹೇಳೋದು ಅಂತ ತಿಳೀಲಿಲ್ಲ. ಮಗು ಹತ್ರ ಹಾಗೆ ಹೇಳಿಸಿದ್ದು ನಾನು."

ದೇವಕಿ ಆಂಟಿ ಶಾಲನ್ನು ಸರಿಮಾಡಿಕೊಂಡರು. ಸರಿಯಾಗಿದ್ದ ಶಾಲನ್ನೇ ಮತ್ತೊಮ್ಮೆ ಸರಿಮಾಡಿಕೊಂಡರು.

"ಒಳ್ಳೇದಾಯ್ತಲ್ರಿ. ಹೋಗಿ ಬನ್ನಿ" ಎಂದು ನಕ್ಕು, ರತ್ನಾಳ ಬೆನ್ನ ಮೇಲೆ ಕೈಯಿಟ್ಟು ಹೊರಟರು.

ರತ್ನಾ ಒಮ್ಮೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕ್ಲಾಸಿಗೆ ಹೊಸದಾಗಿ ಬಂದ ಹುಡುಗಿಯನ್ನು ನೋಡುವ ಹಾಗಿತ್ತು ಅದು.

ಅಪ್ಪ ಚಪ್ಪಲಿ ಮೆಟ್ಟಿ ಕೆಳಗೆ ಹೊರಟ. ಯಾರೂ ಕರೆಯದಿದ್ದರೂ ಅದಿತಿ ಹಿಂದೆಯೇ ಹೋದಳು.

ಮಹಂತೇಶ್ ಅಂಕಲ್ ನಡುಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. "ಬನ್ನಿ ಚಂದ್ರಪ್ಪನವರೇ, ಕೂತ್ಕೊಳ್ಳಿ. ಈ ಚಳೀಲಿ ಕಾಲು ಹೇಗಿದೆ?"

ಅಪ್ಪ ಕೂರಲಿಲ್ಲ. ಹೇಳಬೇಕಾದ್ದನ್ನು ನಿಂತೇ ಹೇಳಿದ. ಅಂಕಲ್ ಕೇಳಿ ಮುಗಿಸಿ, ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕಿಟ್ಟರು.

"ಹೋಗಿ ಬನ್ನಿ. ಈ ತಿಂಗಳದ್ದು ಆಮೇಲೆ ನೋಡೋಣ. ನಿಮ್ಮ ಮನೆಯವರು ಎಷ್ಟು ಒದ್ದಾಡಿದ್ದಾರೆ ಅಂತ ನಮಗೆ ಗೊತ್ತಿಲ್ವಾ?"

ಅವರು ಮನಸಾರೆ ಹೇಳುತ್ತಿದ್ದಾರೆ ಎಂದು ಅದಿತಿಗೂ ತಿಳಿಯಿತು. ಬೈದಿದ್ದರೇ ವಾಸಿ ಎನಿಸಿತು.

ಅವಳು ಒಳಕೋಣೆಯ ಬಾಗಿಲಿಗೆ ಹೋದಳು. ರತ್ನಾ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸ್ಕೂಲ್ ಬ್ಯಾಗು. ಪುಸ್ತಕಗಳೆಲ್ಲ ಹೊರಗಿದ್ದವು. ಒಳಗಿಂದ ನೀಲಿ ಸ್ವೆಟರಿನ ತೋಳು ಇಣುಕುತ್ತಿತ್ತು.

"ರತ್ನಾ, ಸಾರಿ."

"ಪುರಿ ಅಂದಿದ್ರೆ ನಾನೇನು ಅಳ್ತಿದ್ನಾ?" ರತ್ನಾ ತಲೆ ಎತ್ತಲಿಲ್ಲ. "ನಾನು ಬ್ಯಾಗ್ ಕೂಡ ತುಂಬ್ಕೊಂಡಿದ್ದೆ."

ಅಷ್ಟರಲ್ಲಿ ಹೊರಗಿನಿಂದ ಅಪ್ಪ ಕರೆದ.

ಮೇಲೆ ಹೋಗುವಾಗ ಅಪ್ಪನ ಕಾಲು ನೋಯುತ್ತಿತ್ತು. ಅರ್ಧ ಮೆಟ್ಟಿಲಲ್ಲೇ ಕೂತುಬಿಟ್ಟ. ಅದಿತಿ ಪಕ್ಕದಲ್ಲಿ ಕೂತಳು.

"ಅಂಕಲ್ ಹೋಗಿ ಅಂದ್ರು. ನೀನೇನಂತೀಯ ಪುಟ್ಟಿ?"

ಇಲ್ಲಿಯವರೆಗೆ ಈ ವಿಷಯದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಅಮ್ಮನ ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದ ಅಲೆಗಳು ಕಣ್ಣ ಮುಂದೆ ಬಂದವು. ದಡಕ್ಕೆ ಬಂದು ಬಿಳಿಯಾಗಿ ಒಡೆದವು.

"ಬೇಡ ಅಪ್ಪಾ. ಈ ಸಲ ಬೇಡ."

"ಮುಂದಿನ ವರ್ಷ ಆಫೀಸ್ ಟಿಕೆಟ್ ಕೊಡಲ್ಲ."

"ಗೊತ್ತು" ಎಂದಳು. ಹೇಳಿದ ಮೇಲೆ ಅಳು ಬಂತು. ಅಪ್ಪ ಸಮಾಧಾನ ಮಾಡಲಿಲ್ಲ. ಅವಳು ಅತ್ತು ಮುಗಿಸುವ ತನಕ ಜೊತೆಗೆ ಕೂತಿದ್ದ.

ಅಮ್ಮ ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಇಟ್ಟಳು. ಅವಳ ಮುಖದಲ್ಲಿ ಬೇಸರವಿತ್ತು. ಭಾರ ಇಳಿಸಿದವರ ನಿರಾಳವೂ ಇತ್ತು. ಸಂಬಳ ಬಂದಾಗ ಅಪ್ಪ ಎಂದಿನಂತೆ ಕೆಳಗೆ ಹೋಗಿ ಬಂದ.

ರಜೆ ಶುರುವಾಯಿತು. ಮೊದಲ ಕೆಲವು ದಿನ ದಟ್ಟ ಮಂಜು. ರತ್ನಾ ಆಟಕ್ಕೆ ಬರಲಿಲ್ಲ, ಕರೆಯಲೂ ಇಲ್ಲ. ಆಮೇಲೊಂದು ಮಧ್ಯಾಹ್ನ ಬಿಸಿಲು ಬಂತು. ಕಾಲೋನಿಯ ಪಾರ್ಕಿನಲ್ಲಿ, ಬೆಂಚಿನ ನಡುಮಧ್ಯೆ ರತ್ನಾ ಒಬ್ಬಳೇ ಕೂತಿದ್ದಳು. ಅದಿತಿ ಹೋಗಿ ಎದುರಿಗೆ ನಿಂತಳು.

"ನೀವು ಹೋಗ್ಲಿಲ್ವಂತೆ" ಎಂದಳು ರತ್ನಾ. "ಯಾಕೆ ಅಂತ ಪಪ್ಪಾ ಎಲ್ಲಾ ಹೇಳಿದ್ರು."

"ಹೂಂ."

ರತ್ನಾ ಒಣಗಿದ ಎಲೆಯೊಂದನ್ನು ಕಾಲಿನಿಂದ ಸರಿಸಿದಳು.

"ಸಮುದ್ರ ನೋಡೋಕೆ ನಿಂಗೆ ತುಂಬಾ ಆಸೆ ಇತ್ತಾ?"

ಅಷ್ಟೇನಿಲ್ಲ ಎಂಬ ಮಾತು ಅದಿತಿಯ ನಾಲಿಗೆಯ ತುದಿಗೆ ಬಂದಿತ್ತು. ರತ್ನಾ ಅವಳನ್ನೇ ನೋಡುತ್ತಿದ್ದಳು.

"ಇತ್ತು" ಎಂದಳು ಅದಿತಿ. "ತುಂಬಾ ಇತ್ತು."

ರತ್ನಾ ಬೆಂಚಿನ ಅಂಚಿಗೆ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.