ಟಂಗ್‌ಸ್ಟನ್ ಒರೆಸಿದವನು

"ಅಯ್ಯೋ... ಒರೆಸಿಬಿಟ್ರಾ?!"

ಅವಳ ಕೂಗಿಗೆ ಇಡೀ ಪ್ರಯೋಗಾಲಯ ಬೆಚ್ಚಿತು. ಮೇಜಿನ ಮೇಲೆ ಟಂಗ್‌ಸ್ಟನ್ ಟೈಲುಗಳು ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಹೊಸ ಎಂಜಿನಿಯರ್, ಶಹಬ್ಬಾಸ್‌ಗಿರಿಗೆ ಕಾದು ನಿಂತವನು!

"ಮಸಿ ಹಿಡಿದಿತ್ತು ಮೇಡಂ. ನೀವು ಬರೋಷ್ಟರಲ್ಲಿ ಹೊಳೀಲಿ ಅಂತ..."

"ಆ ಮಸೀನೇ ನನ್ನ ಕೆಲಸ ಕಣ್ರೀ!"

ಸೂರ್ಯನ ಒಡಲಿಗಿಂತ ಬಿಸಿಯಾದ ಉರಿಯನ್ನು ಆಯಸ್ಕಾಂತಗಳಿಂದ ಹಿಡಿದಿಡುವ ಯಂತ್ರ ಅಲ್ಲಿನದು. ಎಷ್ಟು ಹಿಡಿದಿಟ್ಟರೂ ಆ ಉರಿ ಒಳಗೋಡೆಯ ಲೋಹವನ್ನು ಕಣಕಣವಾಗಿ ಕೆರೆಯುತ್ತದೆ. ಕೆರೆದದ್ದು ಹಾರಿ ಇನ್ನೆಲ್ಲೋ ಅಂಟಿಕೊಳ್ಳುತ್ತದೆ. ಎಲ್ಲಿಂದ ಎದ್ದಿತು, ಎಲ್ಲಿ ಕೂತಿತು ಎಂದು ಪತ್ತೆ ಹಚ್ಚುವುದೇ ಅವಳ ಉದ್ಯೋಗ. ಒಂದಿಡೀ ವರ್ಷ ಯಂತ್ರದ ಒಳಗೋಡೆಗೆ ಹೊದಿಸಿದ್ದ ಟೈಲುಗಳವು. ಈಗ ಎಲ್ಲಾ ಮೊದಲಿನಿಂದ!

ಅವನೋ, ನಿರ್ವಾತ ಪಂಪುಗಳ ಕಾರ್ಖಾನೆಯಿಂದ ಬಂದವನು. ಅಲ್ಲಿ ಬೆರಳಿನ ಗುರುತು ಉಳಿದರೂ ಮಹಾಪಾಪ.

"ನಿಮ್ಮ ಮುಖ ನೋಡೋಕೂ ಇಷ್ಟ ಇಲ್ಲ. ಹೋಗಿ!"

ಹೋದ. ಸ್ವಲ್ಪ ಹೊತ್ತಿಗೆ ಸೀಲು ಮಾಡಿದ ಪೊಟ್ಟಣಗಳನ್ನು ತಂದಿಟ್ಟ.

"ಒರೆಸಿದ ಬಟ್ಟೆಗಳು ಮೇಡಂ, ಒಂದು ಟೈಲಿಗೆ ಒಂದೇ. ಒಂದರ ಕೊಳೆ ಇನ್ನೊಂದಕ್ಕೆ ತಾಗಬಾರದು ಅಂತ ನಮ್ಮಲ್ಲಿ ಕಟ್ಟುನಿಟ್ಟು. ನಂಬರ್ ಹಾಕಿದೀನಿ."

ತಲೆ ಎತ್ತದೆ ಹೊರಟೇಹೋದ.

ಅವಳು ಒಂದೊಂದೇ ಬಟ್ಟೆಯನ್ನು ಆಮ್ಲಕ್ಕೆ ಹಾಕಿ ಅಳೆದಳು. ಒರೆಸಿದ ಮಸಿಯೆಲ್ಲ ಅದರಲ್ಲೇ ಇತ್ತು; ಗುರುತಿಗೆಂದು ಮೇಲ್ಗೋಡೆಗೆ ಹಾಕಿದ್ದ ವಿಶೇಷ ಟಂಗ್‌ಸ್ಟನ್ ಕೆಳಗಿನ ಮೂಲೆಗೆ ಬಂದು ಕೂತಿತ್ತು! ಹೇಳೋಣವೆಂದು ಓಡಿದರೆ ಅವನ ಕುರ್ಚಿ ಖಾಲಿ.

"ಕೂಲಿಂಗ್ ವಿಭಾಗಕ್ಕೆ ವರ್ಗ ಕೇಳಿ ಹೋದ," ಎಂದರು ಜೊತೆಯಲ್ಲಿ ಕೆಲಸ ಮಾಡುವ ಅಕ್ಕ. "ಮುಖ ನೋಡೋಕಿಷ್ಟ ಇಲ್ಲ ಅಂದ್ಯಂತೆ?"

"ಕೋಪದಲ್ಲಿ ಬಾಯಿಗೆ ಬಂತಕ್ಕ!"

"ಅದು ಅವನಿಗೇನು ಗೊತ್ತು? ಬಂದಾಗಿನಿಂದ ನಿನ್ನನ್ನೇ ನೋಡ್ತಿದ್ದ. ಕಣ್ಣಿಗೆ ಕಾಣದ ಕಣ ಹುಡುಕ್ತೀಯ, ಪಕ್ಕದ ಮೇಜು ಕಾಣ್ಲಿಲ್ವೇನೇ ಬೆಪ್ಪೇ?"

ಅವಳು ಖಾಲಿ ಕುರ್ಚಿಯತ್ತ ತಿರುಗಿದಳು. ಹಾಗಾದರೆ... ದಿನಾ ಬೆಳಿಗ್ಗೆ ತಾನು ಆ ಮೇಜಿನ ಮುಂದೆಯೇ ಸುತ್ತು ಹಾಕಿ ಬರುತ್ತಿದ್ದದ್ದೂ ಇದಕ್ಕೇನಾ?

ಕೂಲಿಂಗ್ ವಿಭಾಗದ ಪಂಪುಗಳ ಕೋಣೆಯಲ್ಲಿ ಕಿವಿ ಗಡಚಿಕ್ಕುವ ಸದ್ದು. ಅವನು ಕೊಳವೆಯ ಮೇಲೆ ಬಗ್ಗಿದ್ದ.

"ನನ್ನ ಕೆಲಸ ಉಳೀತು!"

"ಆಂ?"

"ಉಳೀತು ಅಂದೆ!"

"ಒಳ್ಳೇದಾಯ್ತು ಮೇಡಂ!" ಮತ್ತೆ ಕೊಳವೆಯತ್ತ ತಿರುಗಿದ.

ಅವಳು ಅವನ ತೋಳು ಹಿಡಿದೆಳೆದು ಕಿವಿಯ ಬಳಿ ಹೇಳಿದಳು.

"ನೀವು ಎದುರಿಗೆ ಇಲ್ದಿದ್ರೆ ನಂಗಾಗಲ್ಲ... ಇಷ್ಟಾನೂ ಕೂಗಿ ಹೇಳ್ಬೇಕಾ?"

ಅವನ ಕಿವಿ ಕೆಂಪಾಯಿತು.

"ವರ್ಗ ಆಗೋಯ್ತಲ್ಲ... ಸಂಜೆ ಗೇಟ್ ಹತ್ರ ಕಾಯ್ಲಾ? ಮನೆಗೆ ಬಿಡ್ತೀನಿ."

"ನನ್ನ ಹತ್ರ ಸ್ಕೂಟರ್ ಇದೆ."

"ಗೊತ್ತು. ಹಿಂದೆ ಕೂತ್ಕೋತೀನಿ."

"ಆಮೇಲೆ ನಿಮ್ಮ ಮನೆಗೆ?"

"ನಡ್ಕೊಂಡು ಹೋಗ್ತೀನಿ ಮೇಡಂ."

"ಮೇಡಂ ಅನ್ಬೇಡಿ."

"ಮತ್ತೇನನ್ಲಿ?"

"ದಾರೀಲಿ ಹೇಳ್ತೀನಿ," ಎಂದಳು, ನಗು ತಡೆಯಲಾರದೆ. "ಹೆಲ್ಮೆಟ್ ತನ್ನಿ."