ಓಡ್ತಾ ಐತಾ ಮೇಡಂ?

"ನನ್ನ ಕಂಪ್ಯೂಟರ್‌ಗೆ ಏನ್ ಮಾಡಿದ್ದೀರಾ ನೀವು?!"

ಮದ್ದೂರಿನ ರಿಪೇರಿ ಅಂಗಡಿಯ ಬಾಗಿಲಲ್ಲಿ ದೀಪಿಕ ನಿಂತಿದ್ದಳು. ಭಾರತೀನಗರದಿಂದ ಬಸ್ಸಿನಲ್ಲಿ ಜೋತುಬಿದ್ದು ಬಂದರೂ ಸಿಟ್ಟು ಇಳಿದಿರಲಿಲ್ಲ.

ಮಾದೇಶ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹಳೇ ಕಂಪ್ಯೂಟರ್ ಮೇಡಂ, ವಿಂಡೋಸ್ ಎಳೀತಿರ್ಲಿಲ್ಲ. ಅದರ ಬದ್ಲು ಲಿನಕ್ಸ್ ಹಾಕ್ದೆ. ನಿಮ್ಮಪ್ಪಾರೇ ಹೂಂ ಅಂದ್ರು."

"ನಮ್ಮಪ್ಪ ಎಲ್ಲಕ್ಕೂ ಹೂಂ ಅಂತಾರೆ! ಕಾಲೇಜ್ ಮಕ್ಳು ಹಾಲ್ ಟಿಕೆಟ್‌ಗೆ ನಮ್ಮ ಜೆರಾಕ್ಸ್ ಅಂಗಡಿ ಮುಂದೆ ಸಾಲು ನಿಂತವ್ರೆ. ಒಂದು ಹಾಳೆ ಆಚೆ ಬತ್ತಿಲ್ಲ!"

"ಪ್ರಿಂಟಿಂಗ್ ಸಾಫ್ಟ್‌ವೇರ್ ಒಳಗೈತಾ ನೋಡಿದ್ರಾ?"

"ಇಲ್ಲ..."

"ಇದ್ರೆ, ಅದು ಓಡ್ತಾ ಐತಾ ನೋಡಿದ್ರಾ?"

"ಇಲ್ಲ."

"ಬಯ್ಯೋದೊಂದು ಮಾತ್ರ ಮೊದ್ಲೇ ಮುಗಿಸ್ಬುಟ್ರಿ."

ಅಬ್ಬಾ, ಎಷ್ಟು ಕೊಬ್ಬು ಇವನಿಗೆ!

ಆದರೆ ಆ ಕೊಬ್ಬಿನವನೇ ಅಂಗಡಿಗೆ ಬೀಗ ಹಾಕಿ, ಅವಳ ಬಸ್ಸಿನ ಹಿಂದೆ ಬೈಕಿನಲ್ಲಿ ಬಂದ. ಅವಳ ಅಂಗಡಿಯ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದ.

"ಅಯ್ಯೋ, ಡೆಡ್ ಅಂತ ತೋರಿಸ್ತೈತೆ!"

"ಸತ್ತಿಲ್ಲ ಮೇಡಂ, ನಿಂತೈತೆ ಅಷ್ಟೇ. ಇರೋದು ಬೇರೆ, ಓಡೋದು ಬೇರೆ."

ಇನ್ನೊಂದು ಸಾಲು ಟೈಪ್ ಮಾಡಿದ. ಹಸಿರು ಅಕ್ಷರದಲ್ಲಿ 'ರನ್ನಿಂಗ್' ಅಂತ ಬಂತು. ತಡೆದು ನಿಂತಿದ್ದ ಹಾಲ್ ಟಿಕೆಟ್‌ಗಳೆಲ್ಲ ಒಂದರ ಹಿಂದೊಂದು ಹೊರಬಿದ್ದವು. ದೀಪಿಕ ನಕ್ಕೇಬಿಟ್ಟಳು. ಮಾದೇಶ ಪ್ರಿಂಟರ್ ನೋಡುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ...

ಆಮೇಲೂ ಆ ಸಾಫ್ಟ್‌ವೇರ್ ಆಗಾಗ ನಿಲ್ಲುತ್ತಿತ್ತು. ಅದನ್ನು ಓಡಿಸುವ ಸಾಲನ್ನು ದೀಪಿಕ ಬೇಗನೇ ಕಲಿತಿದ್ದಳು. ಆದರೂ ಅವನಿಗೆ ಫೋನ್ ಮಾಡುತ್ತಿದ್ದಳು. ಯಾಕೆ ಅಂತ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನಿಗೆ ಗೊತ್ತಾಗುತ್ತಿದೆಯೋ ಇಲ್ಲವೋ, ಅದೊಂದೇ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾರದೆ ಫೋನಿನಲ್ಲೇ ಹೇಳಿದಳು.

"ಭಾನುವಾರ ಮಳವಳ್ಳಿಯಿಂದ ನನ್ನ ನೋಡಕ್ಕೆ ಬತ್ತಾವ್ರೆ. ಹುಡುಗನ್ನ ಅಪ್ಪ ಒಪ್ಪಿ ಆಗೈತೆ."

ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ.

"ಸಾಫ್ಟ್‌ವೇರ್ ಓಡ್ತಾ ಐತಾ ಮೇಡಂ?"

ಇಷ್ಟೇನಾ? ನಾನು ಅವನಿಗೆ ಒಂದು ಪ್ರಿಂಟರ್ ಅಷ್ಟೇನಾ?!

ಫೋನನ್ನು ಸ್ಪೀಕರ್‌ಗೆ ಹಾಕಿ ಕೀಬೋರ್ಡ್ ಎಳೆದುಕೊಂಡಳು.

"ಇಲ್ಲ, ನಿಂತೈತೆ. ಏನ್ ಮಾಡ್ಲಿ ಹೇಳಿ."

"ನಾಳೆ ಬೆಳಿಗ್ಗೆ ಎದ್ದೇಟ್ಗೇ ಓಡಂಗೆ ಮಾಡ್ಬುಡಣ. ಹಿಂದ್ಗಡೆಯಿಂದ ಓಡೋದು, ಯಾರ್ ಕಣ್ಗೂ ಬೀಳಲ್ಲ."

"ಆಯ್ತು. ನಾನು ರೆಡಿ."

ಅಂಗಡಿಯ ಬೆಂಚಿನ ಮೇಲೆ ಆಗತಾನೇ ಬಂದು ಕೂತಿದ್ದ ಅಜ್ಜಿ ಹೊಂಬಾಳಮ್ಮನ ಎಲೆಯಡಿಕೆ ಬಾಯಿಯ ಹತ್ತಿರವೇ ನಿಂತಿತು.

ಸಂಜೆ ದೀಪಿಕಳ ಅಪ್ಪ ಕೆಂಪಸಿದ್ದಯ್ಯ ಮಾದೇಶನಿಗೆ ಫೋನ್ ಮಾಡಿ, "ಮನೆತಾವ ಬಾರಯ್ಯ" ಅಂದ. ಪ್ರಿಂಟರ್ ಕೆಟ್ಟಿರಬೇಕು ಅಂದುಕೊಂಡ ಮಾದೇಶ ಬ್ಯಾಗ್ ನೇತುಹಾಕಿಕೊಂಡು ಬಂದ.

"ನೋಡ್ಲಾ ಕೆಂಪಸಿದ್ದ, ಬಟ್ಟೆಗಂಟು ಕಟ್ಕೊಂಡೇ ಬಂದವ್ನೆ!" ಅಂದಳು ಹೊಂಬಾಳಮ್ಮ.

ಕೆಂಪಸಿದ್ದಯ್ಯ ಹಲ್ಲು ಕಚ್ಚಿ ಕೇಳಿದ. "ಓಡುಸ್ತೀನಿ ಅಂದ್ಯಂತೆ?"

"ಹೂಂ ಯಜಮಾನ್ರೇ. ನಿಂತೋದ್ರೆ ಮತ್ತೆ ಬಂದು ಓಡುಸ್ತೀನಿ. ಗ್ಯಾರಂಟಿ!"

"ಅಯ್ಯಯ್ಯೋ, ಗ್ಯಾರಂಟಿ ಬೇರೆ ಕೊಡ್ತಾವ್ನಲ್ಲೋ!" ಅಂದಳು ಅಜ್ಜಿ.

ಒಳಗಿದ್ದ ದೀಪಿಕಳಿಗೆ ಆಗ ಅರ್ಥವಾಯಿತು. ಓಡಿ ಬಂದಳು.

"ಅಜ್ಜಿ! ಅವರು ಅಂದಿದ್ದು ಪ್ರಿಂಟಿಂಗ್ ಸಾಫ್ಟ್‌ವೇರ್‌ಗೆ! ನನಗಲ್ಲ!"

ಬೆಳಿಗ್ಗೆ ಏಳೋದು ಕಂಪ್ಯೂಟರ್, ತೆರೆಮರೆಯಲ್ಲಿ ಓಡೋದು ಸಾಫ್ಟ್‌ವೇರ್ ಅಂತ ಬಿಡಿಸಿ ಹೇಳುವಷ್ಟರಲ್ಲಿ ಬೆವರಿಳಿಯಿತು. ಕೆಂಪಸಿದ್ದಯ್ಯ ಉಸಿರು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ತಪ್ಪು ತಿಳೀಬ್ಯಾಡ ಕಣಪ್ಪ. ಕಾಫಿ ಕುಡ್ದು ಓಗು."

ಎಲ್ಲರೂ ನಗುತ್ತಿದ್ದರು. ದೀಪಿಕ ಮಾತ್ರ ನಗಲಿಲ್ಲ. ನನಗಲ್ಲ ಅಂತ ನನ್ನ ಬಾಯಲ್ಲೇ ಹೇಳಿಬಿಟ್ಟೆ. ಇನ್ನು ಭಾನುವಾರ... ಮಳವಳ್ಳಿ...

ಮಾದೇಶ ಲೋಟ ಕೆಳಗಿಟ್ಟು ಬಾಗಿಲವರೆಗೆ ಹೋದ. ಹೊಸ್ತಿಲ ಹತ್ತಿರ ನಿಂತ. ತಿರುಗಿದ.

"ಯಜಮಾನ್ರೇ, ಸಾಫ್ಟ್‌ವೇರ್ ಮಾತು ಅಲ್ಲಿಗಾಯ್ತು. ನಿಮ್ಮ ಮಗಳನ್ನ ನಾನು ಯಾವತ್ತೂ ಓಡುಸ್ಕೊಂಡ್ ಓಗಲ್ಲ. ಕೇಳ್ಕೊಂಡ್ ಓಯ್ತೀನಿ. ಕೊಡ್ತೀರಾ?"

ಕೆಂಪಸಿದ್ದಯ್ಯನ ನಗು ಅರ್ಧಕ್ಕೇ ನಿಂತಿತ್ತು. ಮಗಳ ಕಡೆ ತಿರುಗಿದ.

"ಏನವ್ವಾ ಇದು?"

ದೀಪಿಕ ತಲೆ ತಗ್ಗಿಸಲಿಲ್ಲ. "ಮಳವಳ್ಳಿಯವರಿಗೆ ಬರಬೇಡಿ ಅನ್ನಪ್ಪ. ನನಗೆ ಇವರೇ ಬೇಕು."

ಕೆಂಪಸಿದ್ದಯ್ಯ ಅವ್ವನ ಮುಖ ನೋಡಿದ.

"ನನ್ನೇನ್ಲಾ ನೋಡೀಯೆ?" ಹೊಂಬಾಳಮ್ಮ ಗದರಿದಳು. "ಕದ್ಕೊಂಡ್ ಓಗೋನು ಹಿಂಗೆ ಎದುರ್‌ಗೆ ನಿಂತ್ಕೊಂಡ್ ಕೇಳಾನೆ? ಮಳವಳ್ಳಿಗೆ ಫೋನ್ ಮಾಡು. ಬಾ, ನಂಬರ್ ಹುಡುಕ್ಕೊಡ್ತೀನಿ."

ಮಗನ ತೋಳು ಹಿಡಿದು ಒಳಗೆ ಕರೆದುಕೊಂಡೇ ಹೋದಳು.

ಹಜಾರದಲ್ಲಿ ಇಬ್ಬರೇ ಉಳಿದರು.

"ಮಧ್ಯಾಹ್ನ ಫೋನಲ್ಲಿ ಯಾಕೆ ಇದ್ನ ಹೇಳ್ಲಿಲ್ಲ?" ಅವಳು ಕೇಳಿದಳು.

"ಭಾನುವಾರ ಅಂದ್ರಲ್ಲ, ತಲೇನೇ ಓಡ್ಲಿಲ್ಲ. ಬಾಯಿಗೆ ಬೇರೆ ಏನೂ ಬರ್ನೇ ಇಲ್ಲ ಮೇಡಂ."

"ಇನ್ನೊಂದ್ಸಲ ಮೇಡಂ ಅಂದ್ರೆ ಒಳಗೋಗಿ ಬೇಡ ಅಂದ್ಬುಡ್ತೀನಿ!"

ಅವನು ಮೆಲ್ಲಗೆ ಕರೆದ.

"ದೀಪಿ..."

ಅವಳ ಕಣ್ಣು ತುಂಬಿತು. "ಅಷ್ಟು ಬೇಗ ಅಭ್ಯಾಸ ಆಗೋಯ್ತಾ?"

"ಮನಸ್ಸಲ್ಲಿ ಯಾವಾಗ್ಲೂ ಹಂಗೇ ಕರೀತಿದ್ದೆ ಕಣೇ."