ಗಡಿಯಾಚೆಯ ಸಮಾಧಿ

"ಸತ್ತವರ ಮೇಲೂ ಕೈ ಮಾಡೋರು ಇರ್ತಾರಾ, ಅಮ್ಮಾ?" ಎನ್ನುತ್ತಲೇ ಆಕೆ ನಮ್ಮ ದೊಡ್ಡಮ್ಮನ ಎದುರು ಕುಸಿದು ಕುಳಿತರು.

ದೊಡ್ಡಮ್ಮ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತರಾದವರು. ಜನರ ಬಾಯಿಂದ ಜಾರಿದ ಮಾತನ್ನು ಹಿಡಿದಿಟ್ಟುಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಪೊಲೀಸರು ಕೈಚೆಲ್ಲಿದ ಪ್ರಕರಣಗಳು ಅವರ ಬಾಗಿಲಿಗೆ ಬರುತ್ತಿದ್ದುದು ಅದಕ್ಕೇ. ಕಾರು ಓಡಿಸುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಪಾಲಿನ ಕೆಲಸ.

ಬಂದಾಕೆ ಲೈಬ್ರೇರಿಯನ್. ತಮ್ಮ ವಂಶದ ಚರಿತ್ರೆ ಹುಡುಕುತ್ತಿದ್ದರು. ಅಪ್ಪನಿಗೆ ಮೊದಲೊಬ್ಬ ಹೆಂಡತಿ ಇದ್ದಳೆಂದು ತಿಳಿದು, ಆಕೆಯ ಸಮಾಧಿಯನ್ನೂ ಪತ್ತೆಮಾಡಿದ್ದರು. ಕಲ್ಲಿನ ಮೇಲೆ ಹೆಸರಿನ ಕೆಳಗೆ ಮಗುವೊಂದರ ವಿಷಯ ಇತ್ತು. ಪಾಚಿ ಕಟ್ಟಿ ಓದಲಾಗಲಿಲ್ಲ. ಬ್ರಷ್ ತೆಗೆದುಕೊಂಡು ಮತ್ತೆ ಹೋಗುವಷ್ಟರಲ್ಲಿ ಯಾರೋ ಆ ಸಾಲನ್ನೇ ಉಳಿಯಿಂದ ಕೆತ್ತಿ ತೆಗೆದಿದ್ದರು.

"ಎಲ್ಲಿದೆ ಅಂತ ಮನೇಲಿ ಹೇಳಿದ್ರಾ?"

"ಊಟಕ್ಕೆ ಕೂತಾಗ ಅವರ ಹೆಸರು ಹೇಳಿದೆ, ಮಗುವಿನ ಸಾಲಿನ ಸುದ್ದಿನೂ ಹೇಳಿದೆ. ನಮ್ಮ ಜಿಲ್ಲೇಲೇ ಸಿಕ್ತು ಅಂದೆ, ಅಷ್ಟೇ. ಇಬ್ಬರು ಅಣ್ಣಂದಿರೂ ಅಲ್ಲೇ ಇದ್ರು."

ಆಕೆ ನಮ್ಮನ್ನು ಕರೆದುಕೊಂಡು ಹೋದದ್ದು ಮಾತ್ರ ಹೊಳೆ ದಾಟಿ, ಪಕ್ಕದ ಜಿಲ್ಲೆಗೆ. ಮುಳ್ಳುಪೊದೆಯ ನಡುವೆ ಕರೀ ಕಲ್ಲೊಂದು ನಿಂತಿತ್ತು. ಕೆಳಗಿನ ಸಾಲಿನ ಜಾಗದಲ್ಲಿ ಹಸಿ ಗಾಯದಂಥ ಬಿಳಿ ಗೀರುಗಳು.

"ಇವರು ತೀರಿಕೊಂಡಾಗ ಇದು ನಮ್ಮ ಜಿಲ್ಲೇನೇ," ಎಂದರು ಲೈಬ್ರೇರಿಯನ್. "ಆಗ ಗಡಿ ಹೊಳೆಯಲ್ಲ, ಅಗೋ ಆ ಗುಡ್ಡ. ನಾನು ಹಳೇ ಲೆಕ್ಕದಲ್ಲಿ ಹೇಳಿದ್ದು. ಮಗು ಹುಟ್ಟಿದ ದಾಖಲೆ ಇದೆಯಾ ಅಂತ ಈ ಜಿಲ್ಲೆ ಕಚೇರೀಲಿ ಹುಡುಕಿದೆ. ಏನೂ ಸಿಗಲಿಲ್ಲ."

ಮರುದಿನ ಅವರ ಮನೆಗೆ ಹೋದೆವು. ಬೆನ್ನು ಬಾಗಿದ ಮುದುಕಿಯೊಬ್ಬರು ಟೀ ತಂದರು. ಎಳೆಗೂಸಾಗಿದ್ದಾಗ ತಂದು ಸಾಕಿದ ಅನಾಥೆಯಂತೆ. ಬುದ್ಧಿ ಬಂದಾಗಿನಿಂದ ಆ ಮನೆಯ ಪಾತ್ರೆ ತಿಕ್ಕಿದವರು. ಎಲ್ಲರೂ ಅವರನ್ನು 'ಅಕ್ಕ' ಎನ್ನುತ್ತಿದ್ದರು, ನಾಯಿಯನ್ನು ಗದರುವ ದನಿಯಲ್ಲಿ.

ವಕೀಲರಾದ ದೊಡ್ಡಣ್ಣ ತಲೆ ಕೊಡವಿದರು. "ಅಂಥಾ ಬಿಳೀ ಅಮೃತಶಿಲೆ ಮೇಲೆ ಉಳಿ ಹಾಕೋಕೆ ಎಂಥಾ ಮನಸ್ಸು ಬೇಕು ಹೇಳಿ!"

ಔಷಧಿ ಅಂಗಡಿಯ ಚಿಕ್ಕಣ್ಣ ನಕ್ಕರು. "ಒಂದು ಕಲ್ಲಿಗೋಸ್ಕರ ಹೊಳೆ ದಾಟೋಷ್ಟು ಪುರುಸೊತ್ತು ಯಾರಿಗಿದೆ?"

ಕಾರಿನಲ್ಲಿ ನಾನು, "ಚಿಕ್ಕವನೇ ಕಳ್ಳ," ಎಂದೆ.

"ಕಳ್ಳ ಸರಿ. ಬಿಳೀ ಕಲ್ಲು ಎಲ್ಲಿಂದ ಬಂತೋ?" ಎಂದರು ದೊಡ್ಡಮ್ಮ.

ಹೊಳೆಯ ಈಚೆಯ ಸ್ಮಶಾನಗಳನ್ನೆಲ್ಲ ಸುತ್ತಿದೆವು. ಒಂದು ಕಡೆ ದೊಡ್ಡಮ್ಮ ನಿಂತೇಬಿಟ್ಟರು. ಎಂದೂ ಬಯ್ಯದವರು ನೆಲಕ್ಕೆ ಉಗಿದರು. ಅಲ್ಲಿಂದ ನಮ್ಮ ಜಿಲ್ಲೆಯ ಹಳೇ ಕಚೇರಿಗೆ ಹೋಗಿ, ಅದೇ ಸಂಜೆ ಆ ಮನೆಯವರನ್ನೆಲ್ಲ ಅವರ ನಡುಮನೆಯಲ್ಲಿ ಸೇರಿಸಿದರು. ಟೀ ತಂದ ಅಕ್ಕನನ್ನು ಕೈಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ದೊಡ್ಡಣ್ಣನ ಹೆಂಡತಿ ಮೂಗು ಮುರಿದರು.

"ನಿಮ್ಮ ತಂಗಿ ಹೇಳಿದ್ದು 'ನಮ್ಮ ಜಿಲ್ಲೆ' ಅಂತ," ದೊಡ್ಡಮ್ಮ ಶುರುಮಾಡಿದರು. "ಇವತ್ತಿನ ಗಡಿ ನೋಡಿದ್ರೆ ಹೊಳೆ ದಾಟೋ ಮಾತೇ ಬರಲ್ಲ. ಚಿಕ್ಕವರು ದಾಟೋ ಮಾತಾಡಿದ್ರು. ಯಾಕಂದ್ರೆ ದಾಟಿದ್ರು."

ಚಿಕ್ಕಣ್ಣ ಟೀಪಾಯಿಯ ಮೇಲೆ ಕಣ್ಣಿಟ್ಟರು.

"ದೊಡ್ಡವರು ಬಿಳೀ ಕಲ್ಲು ಅಂದ್ರು. ಆ ಕಲ್ಲು ಕಪ್ಪು. ಆದ್ರೆ ಹೊಳೆ ಈಚೆ, ಅದೇ ಹೆಸರಿನ ಬೇರೆ ಹೆಂಗಸಿನ ಸಮಾಧಿ ಇದೆ. ಅದು ಅಮೃತಶಿಲೆ. ಅದರಲ್ಲೂ ಮಕ್ಕಳ ಸಾಲು ಕೆತ್ತಿ ತೆಗೆದಿದಾರೆ, ಗುರುತು ಇನ್ನೂ ಹಸಿ. ಇಸವಿ ಕೂಡ ನೋಡಲಿಲ್ಲವಲ್ಲ, ವಕೀಲರೇ! ಯಾರದೋ ತಾಯಿ ಅದು."

ಲೈಬ್ರೇರಿಯನ್ ಬಾಯಿಗೆ ಸೆರಗು ಒತ್ತಿಕೊಂಡರು. "ಯಾಕೆ? ಯಾಕೋಸ್ಕರ?"

"ಹುಟ್ಟಿದಾಗ ಊರು ಯಾವ ಜಿಲ್ಲೇಲಿತ್ತೋ ದಾಖಲೆ ಅಲ್ಲೇ ಉಳಿಯತ್ತೆ. ಗಡಿ ಹೋದ್ರೂ ಕಾಗದ ಹೋಗಲ್ಲ. ನೀವು ಆಚೆ ಹುಡುಕಿದ್ರಿ, ಅದು ಈಚೆ ಇತ್ತು. ಹೆಣ್ಣುಮಗು. ಅಪ್ಪ ನಿಮ್ಮಪ್ಪನೇ. ಮಗೂಗಿಟ್ಟ ಹೆಸರು ಇವರದು." ದೊಡ್ಡಮ್ಮ ಅಕ್ಕನ ಬೆನ್ನಿನ ಮೇಲೆ ಕೈಯಿಟ್ಟರು. "ಈ ಮನೆ 'ನನ್ನ ಎಲ್ಲಾ ಮಕ್ಕಳಿಗೆ' ಅಂತ ನಿಮ್ಮಪ್ಪ ಉಯಿಲು ಬರೆದಿಟ್ಟಿದಾರಲ್ಲ. ಅಣ್ಣಂದಿರು ಕಂಗಾಲಾಗಿದ್ದು ಅದಕ್ಕೆ."

ಚಿಕ್ಕಣ್ಣ ಗೊಣಗಿದರು. "ಸಾಯೋ ಮುಂಚೆ ಅಪ್ಪ ನಂಗೆ ಹೇಳಿದ್ದ. ಊರಿನ ಹೆಸರನ್ನೂ. ಅಮ್ಮನಿಗೆ ಹೆದರಿ ಇವಳನ್ನ ಅನಾಥೆ ಅಂತ ಅಡುಗೆಮನೇಲಿ ಇಟ್ಟನಂತೆ. ಅಣ್ಣಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ."

ಇನ್ನಾದರೂ ಯಾರಾದರೂ ಆ ಮುದುಕಿಯ ಮುಖ ನೋಡಿಯಾರೆಂದು ನಾನು ಕಾದೆ. ದೊಡ್ಡಣ್ಣ ತಮ್ಮನ ಕಡೆ ತಿರುಗಿ ಸಿಡುಕಿದರು: "ನಂಗೂ ಹೇಳಿದ್ದನಲ್ಲೋ, ಊರು ಮಾತ್ರ ಹೇಳಲಿಲ್ಲ. ನೀನು ಒಂದು ಮಾತು ಅಂದಿದ್ರೆ ನಾನು ಬಿಸಿಲಲ್ಲಿ ಅಲೆಯೋದಾದ್ರೂ ತಪ್ತಿತ್ತು!"

ನಾನು ಕೈಯಲ್ಲಿದ್ದ ಟೀ ಕೆಳಗಿಟ್ಟೆ.

ಅಕ್ಕ ಎದ್ದು ನಿಂತರು. ಅಳಲಿಲ್ಲ. ತಮ್ಮಂದಿರಿಬ್ಬರನ್ನೂ ಕೊಳೆತದ್ದನ್ನು ನೋಡುವಂತೆ ನೋಡಿದರು.

"ನಮ್ಮಮ್ಮನ ಕಲ್ಲು ನಾನು ನೋಡ್ಕೋತೀನಿ," ಎಂದರು. "ನೀವು ಆ ಇನ್ನೊಬ್ಬಾಕೆ ಮಕ್ಕಳು ಎಲ್ಲಿದಾರೆ ಹುಡುಕಿ. ಕಾಲಿಗೆ ಬೀಳಿ. ಅಲ್ಲೀವರೆಗೆ ನನ್ನ ಕಣ್ಣಿಗೆ ಬೀಳ್ಬೇಡಿ."

ಲೈಬ್ರೇರಿಯನ್ ಓಡಿಹೋಗಿ ಅವರ ಚಪ್ಪಲಿ ತಂದು ಕಾಲ ಬಳಿ ಇಟ್ಟರು. ನಾನು ಕಾರಿನ ಬಾಗಿಲು ತೆಗೆದೆ. ಸೇತುವೆ ದಾಟುವಾಗ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದರು: "ಸಾಯೋವಾಗ ಅಮ್ಮಂಗೆ ಎಷ್ಟು ವಯಸ್ಸಾಗಿತ್ತು?"

"ಇಪ್ಪತ್ತು," ಎಂದರು ದೊಡ್ಡಮ್ಮ.

"ಅಯ್ಯೋ, ಮಗು," ಎಂದರು ಅಕ್ಕ.